ಖಾಲಿ ಟಾಕಿಯ ಹಾಜರಿ

"ಮೇಡಂ, ಇದು ರೇಡಿಯೋ ಸೆಟ್ಟಿಂಗಿನ ವಿಷಯ. ನಿಮಗೆ ಹೇಳಿದರೂ ತಿಳಿಯುವುದಿಲ್ಲ."

2023ರ ಮಾರ್ಚ್ ತಿಂಗಳಲ್ಲಿ ಒಂದು ಪಂಪ್‌ಹೌಸಿನ ಬಾಗಿಲಲ್ಲಿ ನನಗೆ ಸಿಕ್ಕ ಉತ್ತರವಿದು. ಹೇಳಿದವನು ನನ್ನ ಅರ್ಧ ವಯಸ್ಸಿನ ಹುಡುಗ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ, ತೊಡೆಯ ಮೇಲೆ ಲ್ಯಾಪ್‌ಟಾಪ್. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿದ್ದ, ಚಹಾ ಸಹ ಕುಡಿದಿರಲಿಲ್ಲ. ಆದರೆ ಆ ಮಾತು ಇನ್ನೂ ಕಿವಿಯಲ್ಲಿ ಕೂತಿದೆ. ಇಪ್ಪತ್ತೆಂಟು ವರ್ಷ ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸಿದ್ದೇನೆ. "ನಿನಗೆ ಹೇಳಿದರೂ ತಿಳಿಯುವುದಿಲ್ಲ" ಎಂದು ಒಂದು ಮಗುವಿಗೆ ಹೇಳಿದ ದಿನ ಈ ಕೆಲಸ ಬಿಡಬೇಕು ಎಂದು ನಂಬಿದವಳು ನಾನು. ಹೇಳಿದರೆ ತಿಳಿಯುತ್ತದೆ, ಹೇಳುವವರಿಗೆ ತಿಳಿದಿದ್ದರೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ನನ್ನ ನೌಕರಿಯೆಲ್ಲ ಈ ನಾಲ್ಕು ಊರುಗಳ ಸುತ್ತಲೇ ಸವೆದಿದೆ. ಈ ಘಟನೆ ಅವುಗಳ ನಡುವಿನ ಒಂದು ಊರಿನದು. ಹೆಸರು ಬರೆಯುವುದಿಲ್ಲ. ಬರೆದರೆ ಕಚೇರಿಯವರಿಗೆ ಏನೂ ಆಗುವುದಿಲ್ಲ, ದಿನಗೂಲಿಯ ವಾಲ್‌ಮನ್ ಮನೆಗೆ ಹೋಗುತ್ತಾನೆ.

ನಮ್ಮ ಭಾಗದಲ್ಲಿ ಕುಡಿಯುವ ನೀರು ಎಂದರೆ ತುಂಗಭದ್ರೆ. ಹೊಳೆಯಿಂದ ಎತ್ತಿ, ಶುದ್ಧ ಮಾಡಿ, ಊರ ಹೊರಗಿನ ಸಂಪಿಗೆ ತಂದು, ಅಲ್ಲಿಂದ ಪಂಪಿನಿಂದ ಎತ್ತರದ ಟಾಕಿಗಳಿಗೆ ಏರಿಸಿ, ಆಮೇಲೆ ನಳಕ್ಕೆ ಬಿಡಬೇಕು. ಬೇಸಿಗೆಯಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕಂಡ ಓಣಿಗಳು ಗದಗ-ಬೆಟಗೇರಿಯಲ್ಲೇ ಇದ್ದವು. ನೀರು ಬಂದ ದಿನ ಮನೆಯಲ್ಲಿ ಹಬ್ಬ. ಹಂಡೆ, ಕೊಡ, ಬ್ಯಾರಲ್, ಕಡೆಗೆ ರೊಟ್ಟಿ ಹಿಟ್ಟಿನ ಪರಾತದವರೆಗೆ ಎಲ್ಲ ಅಂಗಳಕ್ಕೆ ಬರುತ್ತವೆ. ಇಂಥ ಊರಿನಲ್ಲಿ ಟಾಕಿ ತುಂಬಿದೆಯೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆಯಲ್ಲ.

ಮೊದಲು ವಾಲ್‌ಮನ್ ಏಣಿ ಹತ್ತಿ ನೋಡಿ ಬರುತ್ತಿದ್ದ. ಇಲ್ಲವೇ ಟಾಕಿ ಉಕ್ಕಿ ಕೆಳಗೆ ನೀರು ಸುರಿದಾಗ ಓಣಿಯವರೇ ಪಂಪ್‌ಹೌಸಿಗೆ ಹುಡುಗರನ್ನು ಓಡಿಸುತ್ತಿದ್ದರು. ನಂತರ ಹೊಸ ವ್ಯವಸ್ಥೆ ಬಂತು. ಟಾಕಿಯ ಮೇಲೆ ನೀರಿನ ಮಟ್ಟ ಅಳೆಯುವ ಸೆನ್ಸರ್, ಅದಕ್ಕೊಂದು ರೇಡಿಯೋ, ಒಂದು ಆಂಟೆನಾ, ಕರೆಂಟಿಗೆ ಸೌರ ಫಲಕ. ಪಂಪ್‌ಹೌಸಿನಲ್ಲಿ ಇನ್ನೊಂದು ರೇಡಿಯೋ, ಒಂದು ಕಂಪ್ಯೂಟರ್. ಟಾಕಿ ಬರಿದಾದರೆ ಪಂಪು ತಾನೇ ಶುರು, ತುಂಬಿದರೆ ತಾನೇ ಬಂದ್. ಯಂತ್ರ ಬಂದದ್ದನ್ನು ನಾನು ಎಂದೂ ಹಳಿದಿಲ್ಲ. ಮಳೆಗಾಲದ ಕತ್ತಲಲ್ಲಿ, ತುಕ್ಕು ಹಿಡಿದ ಏಣಿ ಹತ್ತಿ ಹೋಗುವ ಮನುಷ್ಯನಿಗೂ ಹೆಂಡತಿ ಮಕ್ಕಳಿರುತ್ತಾರೆ.

ಆ ಮಾರ್ಚಿನಲ್ಲಿ ಅಡ್ಡಮಳೆಯ ಸಿಡಿಲಿಗೆ ಮೂರನೇ ಟಾಕಿಯ ರೇಡಿಯೋ ಸುಟ್ಟಿತು. ಎರಡು ದಿನದಲ್ಲಿ ಹೊಸದು ಬಂತು. ತಂದವನು ತಂತಿ ಜೋಡಿಸಿ, ಹಸಿರು ದೀಪ ಹತ್ತಿದ್ದು ನೋಡಿ ಹೋದ. ಆ ದಿನದಿಂದ ಆರು ದಿನ ಮೂರನೇ ಟಾಕಿಗೆ ಒಂದು ಹನಿ ನೀರು ಏರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಮಾತ್ರ ಟಾಕಿ ಮುಕ್ಕಾಲು ತುಂಬಿತ್ತು!

ವಾಲ್‌ಮನ್ ಎರಡನೇ ದಿನವೇ ಏಣಿ ಹತ್ತಿ ಒಳಗೆ ಇಣುಕಿದ್ದ. "ಅಕ್ಕೋರ, ಟಾಕಿ ತಳ ಕಾಣಾಕತ್ತೈತ್ರಿ. ಆದ್ರ ಈ ಕಂಪ್ಯೂಟರು ತುಂಬೇತಿ ಅಂತ ಹಟ ಹಿಡದೈತಿ" ಎಂದ. ಕೈಯಿಂದ ಪಂಪು ಹಚ್ಚು ಎಂದರೆ, ಪ್ಯಾನಲ್ಲಿಗೆ ಕಂಪನಿಯ ಸೀಲು. ಒಡೆದರೆ ನಿರ್ವಹಣೆಯ ಕರಾರು ರದ್ದಾಗುತ್ತದೆ ಎಂದು ಮೇಲಿನವರ ತಾಕೀತು. ಪರದೆಯ ಮೂಲೆಯಲ್ಲಿ ಕೆಂಪು ಇಂಗ್ಲಿಷ್ ಅಕ್ಷರದಲ್ಲಿ ಏನೋ ಮಿಣುಕುತ್ತಿತ್ತು. ನಾನೇ ಓದಿದೆ: 'ಕಾಮ್ ಫೇಲ್'. ಸಂಪರ್ಕ ಕಡಿದಿದೆ ಎಂದರ್ಥ. ಇದನ್ನು ಯಾಕೆ ಹೇಳಲಿಲ್ಲಪ್ಪಾ ಎಂದರೆ, "ಹಿಂದಿಯಾಗ ಕಾಮ್ ಅಂದ್ರ ಕೆಲಸ ಅಲ್ರೀ? ಕೆಲಸ ಫೇಲ್ ಅಂತ ನನಗ ಬೈಯಾಕತ್ತೈತಿ ಅನ್ಕೊಂಡೆ" ಎಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆ ಆರು ದಿನಗಳಲ್ಲಿ ನಮ್ಮ ಶಾಲೆಯಲ್ಲಿ ವಾರ್ಷಿಕ ಪರೀಕ್ಷೆ ನಡೆದಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಗಣಿತದ ಪರೀಕ್ಷೆಗೆ ಬರಲಿಲ್ಲ. ತಂದೆ ಗೋವಾಕ್ಕೆ ದುಡಿಯಲು ಹೋಗಿದ್ದ, ತಾಯಿ ಮೆಣಸಿನಕಾಯಿ ಬಿಡಿಸಲು ಹೋದರೆ ಅಂದಿನ ಕೂಲಿ. ಟ್ಯಾಂಕರ್ ಹತ್ತಕ್ಕೆ ಬರುತ್ತದೆಂದು ಹೇಳಿ ಹನ್ನೆರಡೂವರೆಗೆ ಬಂತು. ಸರದಿ ಬಿಟ್ಟರೆ ಆ ದಿನ ಮನೆಯಲ್ಲಿ ನೀರಿಲ್ಲ. ಹುಡುಗಿ ಸರದಿ ಬಿಡಲಿಲ್ಲ. ಮರುದಿನ ನನ್ನ ಮುಂದೆ ನಿಂತು, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಲಂಗದ ತುದಿ ತಿರುವುತ್ತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಎಂದು ಬರೆದವಳು ನಾನೇ. ಮರುಪರೀಕ್ಷೆ ಕೊಡಿಸಲು ಮುಖ್ಯೋಪಾಧ್ಯಾಯರ ಹತ್ತಿರ ಜಗಳವಾಡಿದೆ, ಕೊಡಿಸಿದೆ. ಆಮೇಲೆ ಪಂಪ್‌ಹೌಸಿಗೆ ಹೋದೆ.

ಏಳನೇ ದಿನ ಆ ಹುಡುಗ ಬಂದ. ಲ್ಯಾಪ್‌ಟಾಪ್ ಜೋಡಿಸಿದ, ಪಾಸ್‌ವರ್ಡ್ ಒತ್ತಿದ, ಒಂದು ಅಂಕೆ ಬದಲಿಸಿದ. ಕೈಗಡಿಯಾರ ನೋಡುವ ಚಟ ಮಾಸ್ತರರಿಗೆಲ್ಲ ಇರುತ್ತದೆ, ನನಗೂ ಇದೆ. ಹನ್ನೊಂದು ನಿಮಿಷ. ಪಂಪು ಗುಂಯ್ ಎಂದಿತು. ಏನು ಕೆಟ್ಟಿತ್ತಪ್ಪಾ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನೇ ನಾನು ಮೊದಲ ಸಾಲಿನಲ್ಲಿ ಬರೆದದ್ದು.

ತಿಳಿಯಲೇಬೇಕು ಎಂದು ಹಟ ಹುಟ್ಟಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಪ್ಲೊಮಾ ಮುಗಿಸಿ ಹುಬ್ಬಳ್ಳಿಯಲ್ಲಿ ಇದೇ ಬಗೆಯ ಕೆಲಸ ಮಾಡುತ್ತಾನೆ. ಒಂದು ಭಾನುವಾರ ಮನೆಗೆ ಕರೆದು, ಗಿರ್ಮಿಟ್ ಮಾಡಿ ಕೊಟ್ಟು, ಎದುರಿಗೆ ಕೂರಿಸಿಕೊಂಡೆ. ಅವನು ಹೇಳಿದ್ದು ಇಷ್ಟು: "ಟೀಚರ್, ನೀವು ಹಾಜರಿ ತಗೋತೀರಲ್ಲ, ಅದೇ ಇದು."

ಪಂಪ್‌ಹೌಸಿನ ರೇಡಿಯೋ ಮಾಸ್ತರು. ಟಾಕಿಗಳ ರೇಡಿಯೋಗಳು ಮಕ್ಕಳು. ಮಾಸ್ತರು ಒಂದೊಂದೇ ನಂಬರು ಕೂಗುತ್ತಾನೆ: ಒಂದು, ಎರಡು, ಮೂರು. ಕೂಗಿದ ನಂಬರಿನವರು ಮಾತ್ರ ಎದ್ದು ತಮ್ಮ ಟಾಕಿಯ ನೀರಿನ ಮಟ್ಟ ಹೇಳಬೇಕು, ಉಳಿದವರು ಬಾಯಿ ಮುಚ್ಚಿರಬೇಕು. ಎಲ್ಲರೂ ಕೂಡಿ ಮಾತಾಡಿದರೆ ಗದ್ದಲ, ಒಂದೂ ಕೇಳುವುದಿಲ್ಲ. ಅದಕ್ಕಾಗಿ ಪ್ರತಿ ರೇಡಿಯೋದೊಳಗೆ ಕೆಲವು ಸಂಗತಿ ಬರೆದಿಡಬೇಕು. ಯಾವ ತರಂಗದಲ್ಲಿ ಮಾತಾಡಬೇಕು. ಎಷ್ಟು ವೇಗದಲ್ಲಿ ಹೇಳಬೇಕು. ಯಾವ ಜಾಲಕ್ಕೆ ಸೇರಿದ್ದು, ಅಂದರೆ ಯಾವ ಶಾಲೆಯ ಮಗು. ತನ್ನ ನಂಬರು ಯಾವುದು. ಎಷ್ಟು ಜೋರಾಗಿ ಕೂಗಬೇಕು. ಮಾತನ್ನು ಬೇರೆಯವರು ಕದ್ದು ಕೇಳದಂತೆ ಮುಚ್ಚುವ ಕೀಲಿ ಯಾವುದು. ಇಷ್ಟರಲ್ಲಿ ಒಂದು ತಪ್ಪಿದರೂ ಹಸಿರು ದೀಪ ಹತ್ತಿರುತ್ತದೆ, ಮಾತು ಮುಟ್ಟುವುದಿಲ್ಲ. ನಮ್ಮ ಮೂರನೇ ಟಾಕಿಗೆ ಹಾಕಿದ ಹೊಸ ರೇಡಿಯೋದಲ್ಲಿ ಕಾರ್ಖಾನೆಯಿಂದ ಬಂದ ನಂಬರನ್ನೇ ಬಿಟ್ಟಿದ್ದರು. ಮಾಸ್ತರು ದಿನವಿಡೀ "ಮೂರು, ಮೂರು" ಎಂದು ಕೂಗಿದ. ಮೂರು ಎಂಬ ಮಗು ತರಗತಿಯಲ್ಲೇ ಇತ್ತು, ಆದರೆ ತನ್ನ ನಂಬರು ಬೇರೆ ಎಂದು ತಿಳಿದು ಸುಮ್ಮನೆ ಕೂತಿತ್ತು.

(ಈ ಮಾಸ್ತರು-ಮಕ್ಕಳು ಹೋಲಿಕೆ ನಮ್ಮದು. ಇಂಜಿನಿಯರುಗಳ ಪುಸ್ತಕದಲ್ಲಿ ಅದು ಬಹುಕಾಲ ಒಡೆಯ ಮತ್ತು ಗುಲಾಮ ಎಂದಿತ್ತು. ಇಂಥ ಯಂತ್ರಗಳ ನಡುವಿನ ಮಾತುಕತೆಗೆ ಹೆಚ್ಚು ಬಳಕೆಯಲ್ಲಿರುವ ಮಾಡ್‌ಬಸ್ ಎಂಬ ಪದ್ಧತಿಯನ್ನು ನೋಡಿಕೊಳ್ಳುವ ಸಂಸ್ಥೆ 2020ರಲ್ಲಿ ಆ ಪದಗಳನ್ನು ಕೈಬಿಟ್ಟಿತಂತೆ. ಪುಣ್ಯ.)

ಹಾಗಾದರೆ ಉತ್ತರ ಬಾರದಿದ್ದಾಗ ಗೈರು ಎಂದು ಬರೆಯಬೇಕಲ್ಲವೇ? ಮುಕ್ಕಾಲು ತುಂಬಿದೆ ಎಂದು ಹೇಗೆ ಬರೆಯಿತು? ಇದನ್ನು ಕೇಳಿದಾಗ ನನ್ನ ವಿದ್ಯಾರ್ಥಿ ಸ್ವಲ್ಪ ತಲೆ ತಗ್ಗಿಸಿದ. ಅದೂ ಒಂದು ಸೆಟ್ಟಿಂಗೇ. ಉತ್ತರ ಬಾರದಿದ್ದರೆ ಎಷ್ಟು ಸಲ ಮತ್ತೆ ಕೂಗಬೇಕು, ಎಷ್ಟು ಹೊತ್ತು ಕಾಯಬೇಕು, ಆಮೇಲೂ ಬಾರದಿದ್ದರೆ ಏನು ಮಾಡಬೇಕು ಎಂದು ಮೊದಲೇ ಬರೆದಿಡುತ್ತಾರೆ. ಕೊನೆಗೆ ಬಂದ ಉತ್ತರವನ್ನೇ ನಿಜವೆಂದು ಹಿಡಿದುಕೊಂಡು ಕೂರಬಹುದು. ಪಂಪು ಬಂದ್ ಮಾಡಿ ಗಂಟೆ ಬಾರಿಸಬಹುದು. ಗಡಿಯಾರ ನೋಡಿ ದಿನಕ್ಕೆ ಇಷ್ಟು ತಾಸು ಪಂಪು ಓಡಿಸಬಹುದು, ಆಗ ಟಾಕಿ ಉಕ್ಕಿದರೂ ಚಿಂತೆಯಿಲ್ಲ, ಜನರಿಗೆ ನೀರು ಸಿಗಲಿ. ನಮ್ಮೂರಿನಲ್ಲಿ ಮೊದಲನೆಯದನ್ನು ಆರಿಸಿದ್ದರು. ಸಿಡಿಲು ಬೀಳುವ ಮುಂಚಿನ ಮುಕ್ಕಾಲು ಟಾಕಿಯೇ ಆರು ದಿನ ಪರದೆಯ ಮೇಲೆ ಉಳಿಯಿತು.

ನನ್ನ ತಕರಾರು ಇರುವುದು ಇಲ್ಲಿ. ಟಾಕಿ ಉಕ್ಕಿ ನೀರು ಪೋಲಾಗುವುದು ಹೆಚ್ಚಿನ ಕೇಡೋ, ಓಣಿ ಆರು ದಿನ ಒಣಗುವುದು ಹೆಚ್ಚಿನ ಕೇಡೋ? ಇದು ರೇಡಿಯೋದ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ಸದಸ್ಯರು ಕೂತು, ವಾಲ್‌ಮನ್‌ನನ್ನು ಕರೆದು ಕೇಳಿ, ಠರಾವು ಮಾಡಬೇಕಾದ ಪ್ರಶ್ನೆ. ಅದನ್ನು ನಮ್ಮ ಊರನ್ನೇ ಕಾಣದ ಒಬ್ಬ, ಎಲ್ಲೋ ಕೂತು, ಒಂದು ಚೌಕದಲ್ಲಿ ಟಿಕ್ ಹಾಕಿ ತೀರ್ಮಾನಿಸಿದ. ಅವನು ಟಿಕ್ ಹಾಕಿದ್ದನ್ನು ಊರಿನಲ್ಲಿ ಯಾರೂ ನೋಡಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಸೆಟ್ಟಿಂಗು ತಾಂತ್ರಿಕ ವಿಷಯ ಎಂದು ಹೇಳಿ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸುವವರು, ಆ ತಾಂತ್ರಿಕತೆಯ ಹೊಟ್ಟೆಯಲ್ಲಿ ಎಂಥೆಂಥ ಊರಿನ ತೀರ್ಮಾನಗಳನ್ನು ಬಚ್ಚಿಟ್ಟಿದ್ದಾರೆ ಎಂದು ತಾವೇ ಅರಿತಂತಿಲ್ಲ.

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲೊಂದು ರೇಡಿಯೋ ಇತ್ತು. ಅದನ್ನು ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು, ಅಪ್ಪ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ನಮಗೆ ಜಗತ್ತು. ಮುಳ್ಳು 765ರ ಮೇಲೆ ನಿಂತರೆ ಧಾರವಾಡ, ಒಂದು ಕೂದಲು ಆಚೆ ಹೋದರೆ ಬರೀ ಗೊರಗೊರ. ಅಪ್ಪ ಗಾಜಿನ ಮೇಲೆ ಸರಿಯಾಗಿ ಆ ಜಾಗಕ್ಕೆ ಸುಣ್ಣದ ಬೊಟ್ಟು ಇಟ್ಟಿದ್ದ. ಓದು ಬರೆಹ ಬಾರದ ನನ್ನ ಅಜ್ಜಿ ಸಂಜೆ ಮುಳ್ಳನ್ನು ಬೊಟ್ಟಿಗೆ ತಂದು ಕೃಷಿರಂಗ ಕೇಳುತ್ತಿದ್ದಳು. ಅಜ್ಜಿಗೆ ತರಂಗಾಂತರ ಎಂದರೆ ಏನೆಂದು ಗೊತ್ತಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿತ್ತು, ತಪ್ಪಿದರೆ ತಾನೇ ಸರಿ ಮಾಡುತ್ತಿದ್ದಳು.

ಇಂದಿನ ರೇಡಿಯೋಕ್ಕೆ ಆ ಬೊಟ್ಟು ಇಡುವುದು ಕಷ್ಟವೇ? ಅಂಕೆಗಳು ಕೋಟಿಗಟ್ಟಲೆ ಏನೂ ಇಲ್ಲ. ನಮ್ಮ ದೇಶದಲ್ಲಿ ಇಂಥ ಸಣ್ಣ ರೇಡಿಯೋಗಳಿಗೆ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ಬಳಸಲು 865ರಿಂದ 867 ಮೆಗಾಹರ್ಟ್ಸ್‌ವರೆಗಿನ ಒಂದು ಪಟ್ಟಿಯನ್ನು ಸರಕಾರ 2005ರಲ್ಲಿ ಬಿಟ್ಟುಕೊಟ್ಟಿತು. 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿತು. 2005ರ ನಿಯಮದಲ್ಲಿ ಯಂತ್ರದ ಶಕ್ತಿ ಒಂದು ವ್ಯಾಟ್ ಮೀರಬಾರದು, ಆಂಟೆನಾದ ಬಲವೂ ಸೇರಿ ಹೊರಬೀಳುವುದು ನಾಲ್ಕು ವ್ಯಾಟ್ ದಾಟಬಾರದು. ಅಮೆರಿಕದಲ್ಲಿ ಇದೇ ಕೆಲಸದ ರೇಡಿಯೋಗಳು 902ರಿಂದ 928ರ ನಡುವೆ ಮಾತಾಡುತ್ತವೆ. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನಿನವರ ಜಾಗ. ಆ ಸೆಟ್ಟಿಂಗನ್ನು ಹಾಗೇ ಬಿಟ್ಟು ಇಲ್ಲಿ ಹಚ್ಚಿದರೆ ಪರರ ಹೊಲದಲ್ಲಿ ಎತ್ತು ಬಿಟ್ಟ ಹಾಗೆ. ದೇಶ ಯಾವುದು ಎಂದು ಆರಿಸುವುದೂ ಒಂದು ಸೆಟ್ಟಿಂಗು.

ಒಂದು ವ್ಯಾಟ್ ಎಂದರೆ ದೊಡ್ಡ ಗಂಟಲಲ್ಲ. ಆಂಟೆನಾಗಳು ಒಂದನ್ನೊಂದು ಕಣ್ಣಾರೆ ಕಾಣುವಂತಿರಬೇಕು. ಕಪ್ಪತಗುಡ್ಡದ ಆಚೆ ಈಚೆಯ ಹಳ್ಳಿಗಳಿಗೆ ನೇರ ಮಾತು ಮುಟ್ಟುವುದಿಲ್ಲ, ಎತ್ತರದ ಜಾಗದಲ್ಲಿ ನಡುವೆ ಒಂದು ರೇಡಿಯೋ ನಿಂತು ಕೇಳಿದ್ದನ್ನು ಮುಂದೆ ದಾಟಿಸಬೇಕು. ಊರಿನೊಳಗೂ ಯಾರೋ ಮೂರಂತಸ್ತಿನ ಮನೆ ಕಟ್ಟಿದರೆ, ಬೇವಿನ ಮರ ಬೆಳೆದು ಟೊಂಗೆ ಅಡ್ಡ ಬಂದರೆ ಮಾತು ತೊದಲುತ್ತದೆ. ಮನೆ ಎದ್ದದ್ದು, ಮರ ಬೆಳೆದದ್ದು ದೂರದ ಕಂಪನಿಯ ಲ್ಯಾಪ್‌ಟಾಪಿಗೆ ಕಾಣುತ್ತದೆಯೇ? ದಿನಾ ಟಾಕಿಯ ಕೆಳಗೆ ನಿಲ್ಲುವವನಿಗೆ ಕಾಣುತ್ತದೆ. ಆದರೆ ಅವನ ಕೈಯಲ್ಲಿ ಅಂಕೆಯ ಕಾಗದವಿಲ್ಲ.

ಇಷ್ಟು ಹೇಳಿದರೆ ಕಚೇರಿಯವರು ಒಂದು ಮಾತು ಎತ್ತುತ್ತಾರೆ: ಭದ್ರತೆ. ಎಲ್ಲರಿಗೂ ಪಾಸ್‌ವರ್ಡ್ ಕೊಟ್ಟರೆ ಯಾರಾದರೂ ನೀರಿಗೆ ಕೇಡು ಮಾಡಿಯಾರು. ಮಾತು ಸುಳ್ಳಲ್ಲ, ಅದಕ್ಕೆ ಉತ್ತರ ಕೊಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನಲ್ಲಿ ಮರೂಚಿ ಎಂಬ ಸ್ಥಳೀಯ ಆಡಳಿತವಿತ್ತು. ಅಲ್ಲಿನ ಚರಂಡಿ ನೀರಿನ ಪಂಪುಗಳು ಹೀಗೇ ರೇಡಿಯೋದಿಂದ ನಡೆಯುತ್ತಿದ್ದವು. 2000ದ ಇಸವಿಯ ಮೊದಲ ತಿಂಗಳುಗಳಲ್ಲಿ ಪಂಪುಗಳು ಹುಚ್ಚು ಹಿಡಿದಂತೆ ಆಡತೊಡಗಿದವು. ಸುಮಾರು ಎಂಟು ಲಕ್ಷ ಲೀಟರ್ ಹೊಲಸು ನೀರು ತೋಟಗಳಿಗೆ, ಹೊಳೆಗೆ ಹರಿಯಿತು. ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದವನ ಕಾರಿನಲ್ಲಿ ಲ್ಯಾಪ್‌ಟಾಪೂ ರೇಡಿಯೋವೂ ಇದ್ದವು. ಅವನು ಯಾರು? ಊರವನಲ್ಲ, ಪಂಪು ನೋಡುವ ಆಳಲ್ಲ. ಆ ವ್ಯವಸ್ಥೆಯನ್ನು ಜೋಡಿಸಿದ ಗುತ್ತಿಗೆ ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟವನು. 2001ರಲ್ಲಿ ಅವನಿಗೆ ಎರಡು ವರ್ಷ ಶಿಕ್ಷೆಯಾಯಿತು. ಗುಟ್ಟನ್ನು ಗುತ್ತಿಗೆದಾರರ ಕಿಸೆಯಲ್ಲಿಟ್ಟರೆ ಭದ್ರ ಎನ್ನುವವರು ಈ ಕತೆಯನ್ನು ಒಮ್ಮೆ ಓದಬೇಕು. ನಾನು ಕೇಳುವುದು ಪಾಸ್‌ವರ್ಡನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿ ಎಂದಲ್ಲ. ಅದರ ಮಾಲೀಕ ಊರಾಗಲಿ. ಮೊಹರು ಹಾಕಿದ ಲಕೋಟೆಯಲ್ಲಿ ಕಚೇರಿಯ ತಿಜೋರಿಯಲ್ಲಿರಲಿ, ಕಂಪನಿಯ ಆಳು ಬದಲಾದಾಗ ಪಾಸ್‌ವರ್ಡೂ ಬದಲಾಗಲಿ. ಉಳಿದ ಅಂಕೆಗಳು, ಎಂದರೆ ಟಾಕಿಯ ನಂಬರು, ಕಾಯುವ ಹೊತ್ತು, ಉತ್ತರ ಬಾರದಿದ್ದರೆ ಏನು ಮಾಡಬೇಕೆಂಬುದು, ಇವೆಲ್ಲ ಪಂಪ್‌ಹೌಸಿನಲ್ಲಿ ಕನ್ನಡದಲ್ಲಿ ಇರಲಿ.

ಕನ್ನಡ ಎಂದೊಡನೆ ಇನ್ನೊಂದು ನಗೆ ಕೇಳುತ್ತದೆ. ಇದನ್ನೆಲ್ಲ ಕನ್ನಡದಲ್ಲಿ ಬರೆಯಲು ಆಗುತ್ತದೆಯೇ ಮೇಡಂ? ನಮ್ಮ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಇಲ್ಲಿದೆ ಎಂದು ಎಣಿಸಿದ ನಾಲ್ಕು ಊರುಗಳಲ್ಲಿ ಒಂದು. ಗದಗನ್ನು ಮುದ್ರಣಕಾಶಿ ಎಂದು ಕರೆಯುತ್ತೇವೆ, ಶಾಲೆಯ ಪುಸ್ತಕ, ಪುರಾಣ, ಪಂಚಾಂಗ, ಲಗ್ನಪತ್ರಿಕೆ ಎಲ್ಲ ಅಚ್ಚು ಮಾಡಿದ ಊರು. ಅಲ್ಲಿ ಒಂದು ಹಾಳೆ ಅಚ್ಚಾಗಲಾರದೇ? 1963ರಿಂದ ಕನ್ನಡ ನಮ್ಮ ಆಡಳಿತ ಭಾಷೆ. ಕಡತದಲ್ಲಿ ಕನ್ನಡ ಬಂದರೆ ಸಾಕೇ, ನೀರು ಬಿಡುವವನ ಪರದೆಯ ಮೇಲೆ ಬೇಡವೇ? 'ಕಾಮ್ ಫೇಲ್' ಎಂಬ ಜಾಗದಲ್ಲಿ 'ಮೂರನೇ ಟಾಕಿ ಮಾತಾಡುತ್ತಿಲ್ಲ, ಹತ್ತಿ ನೋಡು' ಎಂದಿದ್ದರೆ ಆರು ದಿನ ಅರ್ಧ ದಿನವಾಗುತ್ತಿತ್ತು.

ಇಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಹಕಾರಿ ಸಂಘ ಕಟ್ಟಿದರು, ಭಾರತದ ಮೊದಲನೆಯದು. ಬಡ್ಡಿ, ಅಸಲು, ಜಾಮೀನು ಇವೆಲ್ಲ ಒಕ್ಕಲಿಗರಿಗೆ ಹೇಳಿದರೂ ತಿಳಿಯುವುದಿಲ್ಲ ಎಂದು ಆಗಲೂ ಅಂದವರು ಇದ್ದಿರಬೇಕು. ಸಾಹುಕಾರನ ಕಿರ್ದಿ ಸಾಹುಕಾರನ ಹತ್ತಿರವೇ ಇದ್ದದ್ದರಿಂದ ಏನಾಯಿತು ಎಂಬುದನ್ನು ನಮ್ಮ ಅಜ್ಜ ಮುತ್ತಜ್ಜರು ಹೊಲ ಕಳಕೊಂಡು ಕಲಿತರು.

ಇದು ಒಂದು ಟಾಕಿಯ ಮಾತಲ್ಲ ಎಂದೇ ಇಷ್ಟು ದೂರ ಬರೆಯುತ್ತಿದ್ದೇನೆ. ನಾರಾಯಣಪುರ ಎಡದಂಡೆ ಕಾಲುವೆಯನ್ನು ಆಧುನೀಕರಿಸಿ, ಗೇಟುಗಳನ್ನು ದೂರದಿಂದಲೇ ಏರಿಸಿ ಇಳಿಸುವ ವ್ಯವಸ್ಥೆ ಮಾಡಿದ್ದಾರೆ. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿಯೇ ಬಂದು ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು. ಕಾಲುವೆಯ ಕೊನೆಯ ರೈತನಿಗೆ ನೀರು ಮುಟ್ಟಿಸಲು ಇಂಥದು ಬೇಕು, ಒಪ್ಪುತ್ತೇನೆ. ಆದರೆ ಗೇಟಿನ ಸಂಪರ್ಕ ಕಡಿದಾಗ ಅದು ತೆರೆದೇ ಇರಬೇಕೋ, ಮುಚ್ಚಿಕೊಳ್ಳಬೇಕೋ, ಇದ್ದಲ್ಲೇ ನಿಲ್ಲಬೇಕೋ ಎಂಬ ಪ್ರಶ್ನೆ ಅಲ್ಲಿಯೂ ಇದೆ. ನಮ್ಮ ಸಿಂಗಟಾಲೂರು ಏತ ನೀರಾವರಿಗೆ ಇಂಥ ವ್ಯವಸ್ಥೆ ಬರುವ ದಿನವೂ ಆ ಪ್ರಶ್ನೆ ಇರುತ್ತದೆ. ಕೊನೆಯ ಹೊಲದ ರೈತನಿಗೆ ಅದರ ಉತ್ತರ ಮೊದಲೇ ಗೊತ್ತಿರಬೇಕು, ಬೆಳೆ ಒಣಗಿದ ಮೇಲಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಪಾಸ್‌ವರ್ಡ್ ಕೇಳಲಿಲ್ಲ. ಈ ರೇಡಿಯೋಗಳ ಸೆಟ್ಟಿಂಗಿನ ಪ್ರತಿ ನಿಮ್ಮ ಕಚೇರಿಯಲ್ಲಿ ಇದೆಯೇ, ಇದ್ದರೆ ಯಾರ ಸುಪರ್ದಿನಲ್ಲಿದೆ ಎಂದಷ್ಟೇ ಕೇಳಿದೆ. ಇಪ್ಪತ್ತೊಂಬತ್ತನೇ ದಿನ ಉತ್ತರ ಬಂತು. ಒಂದೇ ಸಾಲು: ಸದರಿ ಮಾಹಿತಿಯು ಗುತ್ತಿಗೆದಾರರ ಬಳಿ ಇರುತ್ತದೆ. ಅಂದರೆ ಟಾಕಿ ನಮ್ಮದು, ನೀರು ನಮ್ಮದು, ರೇಡಿಯೋ ಕೊಂಡ ಹಣ ನಮ್ಮದು, ಅದರೊಳಗಿನ ಅಂಕೆ ಮಾತ್ರ ಅವರದು. ಐದು ವರ್ಷದ ನಿರ್ವಹಣೆಯ ಕರಾರು ಮುಗಿದ ದಿನ ಅವರು ಲ್ಯಾಪ್‌ಟಾಪ್ ಮಡಚಿಕೊಂಡು ಹೋದರೆ ನಾವು ಯಾರ ಬಾಗಿಲು ಬಡಿಯಬೇಕು? ಅಂಕೆಗಳನ್ನು ಒಪ್ಪಿಸುವವರೆಗೆ ಕೊನೆಯ ಬಿಲ್ಲು ಪಾವತಿಯಿಲ್ಲ ಎಂದು ಟೆಂಡರಿನಲ್ಲಿ ಒಂದು ಸಾಲು ಸೇರಿಸಲು ಯಾವ ಕಾಯಿದೆ ಅಡ್ಡ ಬರುತ್ತದೆ? ಇದನ್ನು ಕೇಳಿದ್ದಕ್ಕೆ ಒಬ್ಬ ಅಧಿಕಾರಿ, "ಒಳ್ಳೇ ಸಲಹೆ ಮೇಡಂ" ಎಂದು ನಕ್ಕರು. ಒಳ್ಳೆಯ ಸಲಹೆಗಳನ್ನು ನಗುತ್ತ ಸ್ವೀಕರಿಸುವ ಅಧಿಕಾರಿಗಳನ್ನು ಕಂಡರೆ ನನಗೆ ಹೆದರಿಕೆ.

2024ರ ಬೇಸಿಗೆಯಲ್ಲಿ ಒಂದನೇ ಟಾಕಿಯ ರೇಡಿಯೋ ಬದಲಾಯಿಸಬೇಕಾಯಿತು. ಈ ಸಲ ವಾಲ್‌ಮನ್ ಬಂದವನ ಪಕ್ಕದಲ್ಲೇ ನಿಂತ. "ನಂಬರ್ ಒಂದು ಅಂತ ಹಾಕಿದ್ರೇನ್ರಿ? ಕಂಪ್ಯೂಟರಿನ್ಯಾಗ ತೋರಿಸ್ರಿ" ಎಂದು ಕೇಳಿದನಂತೆ. ಬಂದವನು ಬೆರಗಾಗಿ, ಮತ್ತೊಮ್ಮೆ ನೋಡಿ, ಸರಿಪಡಿಸಿದನಂತೆ. ನನಗೆ ಇದನ್ನು ಹೇಳುವಾಗ ಅವನ ಮುಖ ನೋಡಬೇಕಿತ್ತು.

ಈಗ ಪಂಪ್‌ಹೌಸಿನ ಮೊಳೆಗೆ ನೂರು ಪುಟದ ಒಂದು ನೋಟ್‌ಬುಕ್ ತೂಗುಹಾಕಿದೆ. ನಾನೇ ಕೊಟ್ಟದ್ದು. ಗಣಿತದ ಪರೀಕ್ಷೆ ತಪ್ಪಿಸಿಕೊಂಡ ಆ ಹುಡುಗಿ ಅದಕ್ಕೆ ಸ್ಕೇಲಿಟ್ಟು ಗೆರೆ ಹಾಕಿಕೊಟ್ಟಿದ್ದಾಳೆ. ಟಾಕಿ, ನಂಬರು, ತರಂಗ, ಬದಲಿಸಿದ ದಿನ, ಬದಲಿಸಿದವರ ಸಹಿ. ಕೇಳಿ ಕೇಳಿ, ಕಾಡಿ ಬೇಡಿ ಅಷ್ಟು ತುಂಬಿದ್ದೇವೆ. ಕೊನೆಯ ಕಲಮಿಗೆ ಅವಳು 'ಲಕೋಟೆ ತಿಜೋರಿಯಲ್ಲಿ ಇದೆ / ಇಲ್ಲ' ಎಂದು ತಲೆಬರಹ ಬರೆದಿದ್ದಾಳೆ. ಅದರ ಕೆಳಗೆ ಅಧಿಕಾರಿಯವರು ಸಹಿ ಮಾಡಬೇಕು. ಮೂರೂ ಟಾಕಿಗಳ ಮುಂದೆ ಆ ಜಾಗ ಇನ್ನೂ ಖಾಲಿ ಇದೆ.